ಆರ್ಥಿಕ ಹಿಂಜರಿತ ಮತ್ತು ಶಸ್ತ್ರಚಿಕಿತ್ಸೆಯ ಬೇಡಿಕೆ: ಧಾರಾವಿಯ ನೋಟ

ದುಡಿಮೆ ಕುಸಿದಾಗ ಜನ ಮೊದಲು ಕೈಬಿಡುವುದು ಬಟ್ಟೆಬರೆ, ಪ್ರಯಾಣ, ಹಬ್ಬದ ಖರ್ಚು. ಅದರ ಹಿಂದೆಯೇ ಮುಂದೂಡಬಹುದಾದ ಆಪರೇಷನ್ ಬರುತ್ತದೆ. ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಸವೆದ ಮಂಡಿ ಇವೆಲ್ಲ ಒಂದೆರಡು ತಿಂಗಳು ತಡೆದುಕೊಳ್ಳಬಹುದೆನಿಸುವ ತೊಂದರೆಗಳು. ಹಿಂಜರಿತದ ಕಾಲದಲ್ಲಿ ಆ ಒಂದೆರಡು ತಿಂಗಳು ಒಂದೆರಡು ವರ್ಷವಾಗುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಆಪರೇಷನ್ನುಗಳ ಸಂಖ್ಯೆ ಇಳಿದಂತೆ ಕಾಣುತ್ತದೆ, ಆದರೆ ಕಾಯಿಲೆ ಇಳಿದಿರುವುದಿಲ್ಲ. ಅದು ಖಾಸಗಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ, ಶಹರದಿಂದ ಊರಿಗೆ, ನಿಗದಿತ ದಿನಾಂಕದಿಂದ ನಡುರಾತ್ರಿಯ ಕ್ಯಾಶುವಲ್ಟಿಗೆ ಜಾಗ ಬದಲಿಸಿರುತ್ತದೆ. ಈ ಸ್ಥಳಾಂತರವನ್ನು ಅರಿಯದೆ ಬೇಡಿಕೆಯ ಏರಿಳಿತವನ್ನು ಮಾತ್ರ ಓದಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಶಸ್ತ್ರಚಿಕಿತ್ಸೆಯನ್ನು ಮೂರು ಬಗೆಯಾಗಿ ನೋಡಬಹುದು. ಜೀವ ಉಳಿಸಲು ಕೂಡಲೇ ಮಾಡಬೇಕಾದದ್ದು ಮೊದಲನೆಯದು. ಒಡೆದ ಅಪೆಂಡಿಕ್ಸ್, ಅಪಘಾತದ ಗಾಯ, ಅಡ್ಡಬಿದ್ದ ಹೆರಿಗೆ ಈ ಗುಂಪಿನವು. ಎರಡನೆಯದು ಅಗತ್ಯವೇ ಆದರೂ ತಾರೀಖು ಗೊತ್ತುಮಾಡಿಕೊಂಡು ಮಾಡಬಹುದಾದದ್ದು. ರೋಗಿಯ ಇಚ್ಛೆಗೆ ಬಿಟ್ಟ ಸೌಂದರ್ಯ ಶಸ್ತ್ರಚಿಕಿತ್ಸೆ ಮೂರನೆಯದು. ಹಿಂಜರಿತ ಮೂರನೆಯದನ್ನು ಬೇಗ ತಟ್ಟುತ್ತದೆ. 2007ರ ಡಿಸೆಂಬರಿನಿಂದ 2009ರ ಜೂನ್‌ವರೆಗಿನ ಅಮೆರಿಕದ ಹಿಂಜರಿತದಲ್ಲಿ ಅಲ್ಲಿನ ಪ್ಲಾಸ್ಟಿಕ್ ಸರ್ಜನರ ಸಂಘಗಳು ಇಂಥ ಆಪರೇಷನ್ನುಗಳು ಕಡಿಮೆಯಾದುದನ್ನು ದಾಖಲಿಸಿದವು. ಮೊದಲನೆಯದು ಆದಾಯಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಬಡ ಕುಟುಂಬಗಳ ನಿಜವಾದ ಸಂಕಟವಿರುವುದು ನಡುವಿನ ಗುಂಪಿನಲ್ಲಿ. ಧಾರಾವಿಯ ಕಥೆ ಬಹುಪಾಲು ಅದರದ್ದೇ.

ಮುಂಬೈಯ ಪಶ್ಚಿಮ ಮತ್ತು ಮಧ್ಯ ರೈಲು ಮಾರ್ಗಗಳ ನಡುವೆ, ಮಾಹಿಮ್ ಮತ್ತು ಸಾಯನ್ ಮಧ್ಯದ ಸುಮಾರು 2.4 ಚದರ ಕಿಲೋಮೀಟರಿನಲ್ಲಿ ಹರಡಿರುವ ಧಾರಾವಿಯಲ್ಲಿ 6ರಿಂದ 10 ಲಕ್ಷ ಜನ ಇದ್ದಾರೆಂದು ಅಂದಾಜು. ಚರ್ಮದ ಚೀಲ, ಬೆಲ್ಟು, ಸಿದ್ಧ ಉಡುಪು, ಕುಂಭಾರವಾಡದ ಮಡಕೆ, 13ನೇ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಮರುಬಳಕೆ, ಹೀಗೆ ಇಲ್ಲಿ ಮನೆಯ ಅಟ್ಟವೇ ಕಾರ್ಖಾನೆ. ತಮಿಳರು, ಮರಾಠಿಗರು, ಗುಜರಾತಿ ಕುಂಬಾರರು, ಉತ್ತರಪ್ರದೇಶ ಮತ್ತು ಬಿಹಾರದ ಕಾರ್ಮಿಕರ ಜೊತೆಗೆ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರೂ ಇಲ್ಲಿ ಬೇರೂರಿದ್ದಾರೆ. ಹೆಚ್ಚಿನ ಘಟಕಗಳು ಬೆರಳೆಣಿಕೆಯ ಕೆಲಸಗಾರರವು. ಕೂಲಿ ಕೈಯಿಂದ ಕೈಗೆ, ಲೆಕ್ಕ ಪೀಸಿನ ಮೇಲೆ. ಆರ್ಡರು ನಿಂತರೆ ಅದೇ ವಾರ ಮನೆಯ ವರಮಾನವೂ ನಿಲ್ಲುತ್ತದೆ.

ಇಲ್ಲಿನವರ ದೊಡ್ಡಾಸ್ಪತ್ರೆ ಎಂದರೆ ಪೂರ್ವದ ಅಂಚಿನಲ್ಲಿರುವ ಲೋಕಮಾನ್ಯ ತಿಲಕ್ ಮುನ್ಸಿಪಲ್ ಜನರಲ್ ಆಸ್ಪತ್ರೆ. ಎಲ್ಲರ ಬಾಯಲ್ಲಿ ಅದು ಸಾಯನ್ ಆಸ್ಪತ್ರೆ. 1947ರಲ್ಲಿ ಸೇನೆಯ ಹಳೆಯ ಬ್ಯಾರಕ್ಕುಗಳಲ್ಲಿ ಆರಂಭವಾದ ಇದಕ್ಕೆ 1964ರಲ್ಲಿ ವೈದ್ಯಕೀಯ ಕಾಲೇಜು ಸೇರಿತು. ಧಾರಾವಿಯೊಳಗೆ ಇದೇ ಆಸ್ಪತ್ರೆ ನಡೆಸುವ ನಗರ ಆರೋಗ್ಯ ಕೇಂದ್ರಕ್ಕೆ ಜನ ಇಟ್ಟ ಹೆಸರು ಛೋಟಾ ಸಾಯನ್. ಓಣಿಗಳಲ್ಲಿ ಸಣ್ಣ ಖಾಸಗಿ ದವಾಖಾನೆಗಳು, ನರ್ಸಿಂಗ್ ಹೋಮುಗಳು ಬೇಕಾದಷ್ಟಿವೆ. ವ್ಯಾಪಾರ ಚೆನ್ನಾಗಿದ್ದಾಗ ಸರತಿಯಲ್ಲಿ ನಿಲ್ಲಲು ಪುರುಸೊತ್ತಿಲ್ಲದ ಕಾರಖಾನೆದಾರ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಪ್ಯಾಕೇಜು ಮಾತಾಡಿ ಎರಡೇ ದಿನದಲ್ಲಿ ಆಪರೇಷನ್ ಮುಗಿಸಿಕೊಳ್ಳುತ್ತಾನೆ. ವ್ಯಾಪಾರ ಬಿದ್ದಾಗ ಅವನೂ ಕೇಸ್ ಪೇಪರ್ ಹಿಡಿದು ಸಾಯನ್ನಿನ ಸಾಲಿಗೆ ಬರುತ್ತಾನೆ.

ಈ ವಲಸೆಗೆ ಕಾರಣ ಬೆಲೆಯ ಅಂತರ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ, ಹೆರಿಗೆ ಬಿಟ್ಟು ಒಮ್ಮೆ ಆಸ್ಪತ್ರೆ ಸೇರಿದರೆ ತಗಲುವ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಹತ್ತಿರ ಹತ್ತಿರ ಏಳು ಪಟ್ಟು. ಇದು ಎಲ್ಲ ಬಗೆಯ ದಾಖಲಾತಿಗಳ ಸರಾಸರಿ. ಶಸ್ತ್ರಚಿಕಿತ್ಸೆಯಿದ್ದರೆ ಮೊತ್ತ ಇನ್ನೂ ಏರುತ್ತದೆ. ಅದೇ ಸಮೀಕ್ಷೆಯಲ್ಲಿ ನಗರವಾಸಿಗಳಲ್ಲಿ ನೂರಕ್ಕೆ ಸುಮಾರು 19 ಮಂದಿಗಷ್ಟೇ ಯಾವುದಾದರೊಂದು ಆರೋಗ್ಯ ವಿಮೆಯ ರಕ್ಷಣೆ ಇತ್ತು. ಆಸ್ಪತ್ರೆ ಖರ್ಚಿಗೆ ನಗರದ ಕುಟುಂಬಗಳು ಮುಖ್ಯವಾಗಿ ನಂಬಿದ್ದು ಸ್ವಂತ ಗಳಿಕೆ ಮತ್ತು ಉಳಿತಾಯವನ್ನು. ಹಿಂಜರಿತ ಮೊದಲು ತಿಂದುಹಾಕುವುದು ಇವೆರಡನ್ನೇ.

ಇಂಥದೇ ಸ್ಥಳಾಂತರ ಬಹಳ ದೊಡ್ಡ ಪ್ರಮಾಣದಲ್ಲಿ ಗ್ರೀಸ್‌ನಲ್ಲಿ ನಡೆದಿದೆ. ಸಾಲದ ಬಿಕ್ಕಟ್ಟಿನಲ್ಲಿ ಆ ದೇಶ ತತ್ತರಿಸುತ್ತಿದ್ದಾಗ, 2009ಕ್ಕೆ ಹೋಲಿಸಿದರೆ 2010ರಲ್ಲಿ ಸಾರ್ವಜನಿಕ ಆಸ್ಪತ್ರೆಗಳಿಗೆ ದಾಖಲಾದವರು ಶೇ. 24ರಷ್ಟು ಹೆಚ್ಚಿದರು. ಖಾಸಗಿ ಆಸ್ಪತ್ರೆಗಳ ದಾಖಲಾತಿ ಶೇ. 25ರಿಂದ 30ರಷ್ಟು ಕುಸಿಯಿತು. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಈ ಅಂಕಿಗಳು ಒಂದು ಕಹಿ ಸತ್ಯವನ್ನು ಹೇಳುತ್ತವೆ. ಸರ್ಕಾರದ ಬೊಕ್ಕಸ ಬರಿದಾಗುವ ಹೊತ್ತಿಗೇ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಜನಸಂದಣಿ ಹೆಚ್ಚುತ್ತದೆ. ಹಿಂಜರಿತದಲ್ಲಿ ಆರೋಗ್ಯದ ಅನುದಾನಕ್ಕೆ ಕತ್ತರಿ ಹಾಕುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ದುಡಿಮೆಯ ಜೊತೆ ಚಿಕಿತ್ಸೆಯೂ ಕೈತಪ್ಪುವ ದೊಡ್ಡ ಅನುಭವ ಮುಂಬೈಯ ಕಾರ್ಮಿಕರಿಗೆ ಆದದ್ದು ಬಟ್ಟೆ ಗಿರಣಿಗಳ ಮುಷ್ಕರದ ಕಾಲದಲ್ಲಿ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹಳಷ್ಟು ಗಿರಣಿಗಳು ಮತ್ತೆ ಹಳೆಯ ಬಲಕ್ಕೆ ಬರಲೇ ಇಲ್ಲ. ಗಿರಣಿ ಕೆಲಸದ ಜೊತೆಗೆ 1948ರ ಕಾಯ್ದೆಯಂತೆ ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಇತ್ತು. ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಆಪರೇಷನ್ ಸೇರಿದಂತೆ ಚಿಕಿತ್ಸೆ ಅದರಲ್ಲೇ ನಡೆಯುತ್ತಿತ್ತು. ಕೆಲಸ ಹೋದ ಮೇಲೆ ವಂತಿಗೆ ನಿಂತು, ಸ್ವಲ್ಪ ಕಾಲದ ಬಳಿಕ ಈ ಹಕ್ಕೂ ಜಾರಿಹೋಗುತ್ತದೆ. ವಂತಿಗೆ ಕಟ್ಟಿದ ಆರು ತಿಂಗಳಿಗೂ ಸೌಲಭ್ಯ ಸಿಗುವ ಆರು ತಿಂಗಳಿಗೂ ನಡುವೆ ಅಂತರ ಇರುವಂತೆ ನಿಯಮವಿರುವುದರಿಂದ, ಕೆಲಸ ಕಳೆದುಕೊಂಡವನಿಗೆ ಕೆಲವು ತಿಂಗಳ ಅವಕಾಶ ಉಳಿಯುತ್ತದೆ. ತಿಳಿದವರು ಆ ಅವಧಿಯೊಳಗೆ ಬಾಕಿ ಆಪರೇಷನ್ ಮುಗಿಸಿಕೊಳ್ಳುತ್ತಾರೆ. ಹಿಂಜರಿತದ ಆರಂಭದಲ್ಲಿ ವಿಮೆಯುಳ್ಳವರ ಬೇಡಿಕೆ ಕುಸಿಯುವ ಬದಲು ಕೆಲಕಾಲ ಏರಬಹುದಾದದ್ದು ಹೀಗೆ. ಆದರೆ ಹತ್ತಕ್ಕಿಂತ ಕಡಿಮೆ ಜನರಿರುವ ಧಾರಾವಿಯ ಅಟ್ಟಗಳಿಗೆ ಇ.ಎಸ್.ಐ. ಎಂದೂ ಹತ್ತಿದ್ದೇ ಇಲ್ಲ. ಅಲ್ಲಿನವರಿಗೆ ಕಳೆದುಕೊಳ್ಳಲು ವಿಮೆಯೂ ಇರಲಿಲ್ಲ.

ಮುಂದಿನ ಏಟುಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. 2008ರ ಜಾಗತಿಕ ಕುಸಿತದಿಂದ ದೇಶದ ರಫ್ತು ತಗ್ಗಿತು. 2015ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಎತ್ತು-ಹೋರಿಗಳ ವಧೆಯನ್ನೂ ನಿಷೇಧಿಸಿದ ಮೇಲೆ ಚರ್ಮದ ಪೂರೈಕೆ ಬಿಗಿಯಾಯಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂತು. ಎರಡೂವರೆ ವರ್ಷದೊಳಗೆ ಮೂರು ಹೊಡೆತ. ರಾಷ್ಟ್ರದ ಜಿ.ಡಿ.ಪಿ. ಆಗ ಬೆಳೆಯುತ್ತಲೇ ಇತ್ತು. ಅರ್ಥಶಾಸ್ತ್ರದ ವ್ಯಾಖ್ಯೆಯಂತೆ ಅದು ಹಿಂಜರಿತವಲ್ಲ. ನಗದಿನ ಮೇಲೆ ನಿಂತ ಬಡಾವಣೆಯೊಂದಕ್ಕೆ ಮಾತ್ರ ಅದು ಹಿಂಜರಿತವೇ ಆಗಿತ್ತು, ಆ ಕಾಲವನ್ನು ಲೆಕ್ಕಕ್ಕೆ ಹಿಡಿಯದ ಯಾವ ಅಧ್ಯಯನವೂ ಧಾರಾವಿಯನ್ನು ಅರ್ಥಮಾಡಿಕೊಳ್ಳಲಾರದು.

ನೋಟು ರದ್ದತಿಯ ನಿಯಮದಲ್ಲೇ ಒಂದು ಸೂಕ್ಷ್ಮವಿತ್ತು. ಹಳೆಯ ನೋಟನ್ನು ಸರ್ಕಾರಿ ಆಸ್ಪತ್ರೆಗಳು ತೆಗೆದುಕೊಳ್ಳಬಹುದೆಂದು ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟು, ಅದನ್ನು ಹಲವು ಬಾರಿ ವಿಸ್ತರಿಸಿತು. ಖಾಸಗಿ ಆಸ್ಪತ್ರೆಗಳಿಗೆ ಆ ವಿನಾಯಿತಿ ಇರಲಿಲ್ಲ. ಮಗಳ ಆಪರೇಷನ್ನಿಗೆಂದು ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟ ಹಣ ಒಂದು ಬಗೆಯ ಆಸ್ಪತ್ರೆಯಲ್ಲಿ ಹಣ, ಇನ್ನೊಂದರಲ್ಲಿ ಬರೀ ಕಾಗದ. ಬ್ಯಾಂಕ್ ಖಾತೆ, ಚೆಕ್ಕು, ಕಾರ್ಡು ಇದ್ದವರು ಇದನ್ನು ದಾಟಿದರು. ಬಿಶಿ (ಚೀಟಿ) ಹಾಕಿ, ಕೈಗಡ ತಂದು ಆಸ್ಪತ್ರೆ ಖರ್ಚು ಹೊಂದಿಸುವವರಿಗೆ ಸಾಲ ಕೊಡುವವರ ಕೈಯಲ್ಲೂ ಹೊಸ ನೋಟಿರಲಿಲ್ಲ.

ಮುಂದೂಡಿಕೆ ದೇಹದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಹರ್ನಿಯಾ ಒಳ್ಳೆಯ ನಿದರ್ಶನ. 13ನೇ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಮೂಟೆ ಹೊರುವವನ ತೊಡೆಸಂದಿಯಲ್ಲಿ ಒಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ, ಮೂಟೆ ಎತ್ತಿದರೆ ಹೊರಗೆ ಬರುತ್ತದೆ. ಈ ಹಂತದಲ್ಲಿ ಜಾಲರಿ ಕೂರಿಸುವ ಆಪರೇಷನ್ ಒಂದೆರಡು ದಿನದ ಕೆಲಸ. ಆದರೆ ಆಮೇಲೆ ವಾರಗಟ್ಟಲೆ ಭಾರ ಎತ್ತುವಂತಿಲ್ಲ. ಭಾರ ಎತ್ತದೆ ಅವನಿಗೆ ಕೂಲಿಯಿಲ್ಲ. ಹಾಗಾಗಿ ಮೆಡಿಕಲ್ ಅಂಗಡಿಯಲ್ಲಿ ಬೆಲ್ಟು ಕೊಂಡು ಕಟ್ಟಿಕೊಂಡು ಮತ್ತೆ ಮೂಟೆಗೆ ಬೆನ್ನು ಕೊಡುತ್ತಾನೆ. ಒಂದು ದಿನ ಉಬ್ಬು ಒಳಗೆ ಹೋಗುವುದಿಲ್ಲ. ಕರುಳು ಸಿಕ್ಕಿಕೊಂಡು ರಕ್ತ ಸಂಚಾರ ನಿಲ್ಲುತ್ತದೆ, ವಾಂತಿ ಶುರುವಾಗುತ್ತದೆ. ಈಗ ಹೊಟ್ಟೆ ತೆರೆಯಬೇಕು, ಸತ್ತ ಕರುಳಿನ ತುಂಡನ್ನು ಕತ್ತರಿಸಿ ಜೋಡಿಸಬೇಕು, ಐ.ಸಿ.ಯು. ಬೇಕು, ರಕ್ತ ಬೇಕು. ಜೀವಕ್ಕೂ ಸಂಚಕಾರ. ಆಸ್ಪತ್ರೆಯ ಪುಸ್ತಕದಲ್ಲಿ ನಿಗದಿತ ಆಪರೇಷನ್ ಒಂದು ಕಡಿಮೆಯಾಗಿ, ತುರ್ತು ಆಪರೇಷನ್ ಒಂದು ಹೆಚ್ಚಾಗಿರುತ್ತದೆ.

ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿಯ ಉರಿಯೂತ ತರುವುದು, ಮಾಗಿದ ಕಣ್ಣಿನ ಪೊರೆ ಒಳಒತ್ತಡ ಹೆಚ್ಚಿಸಿ ದೃಷ್ಟಿಯನ್ನೇ ಕೊಲ್ಲುವುದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಕಾಲು ಕತ್ತರಿಸುವಲ್ಲಿಗೆ ಮುಟ್ಟುವುದು, ಎಲ್ಲದರ ಹಾದಿ ಇದೇ.

ಬೆಲೆ ಇಳಿದರೆ ಬೇಡಿಕೆ ಹೊರಬರುತ್ತದೆ ಎಂಬುದನ್ನು ಮಹಾರಾಷ್ಟ್ರದ ಒಬ್ಬ ಸರ್ಜನ್ ಬಹಳ ಹಿಂದೆಯೇ ಮನಗಂಡಿದ್ದರು. ಧುಳೆ ಜಿಲ್ಲೆಯ ದೊಂಡಾಯಿಚೆಯ ಡಾ. ರವೀಂದ್ರನಾಥ ತೊಂಗಾಂವಕರ್ ದುಬಾರಿ ಹರ್ನಿಯಾ ಜಾಲರಿಯ ಬದಲು ಶುದ್ಧೀಕರಿಸಿದ ಸೊಳ್ಳೆಪರದೆ ಬಟ್ಟೆಯನ್ನು ಬಳಸಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 2016ರಲ್ಲಿ ಉಗಾಂಡಾದಲ್ಲಿ ನಡೆದ ಪ್ರಯೋಗ ಇಂಥ ಅಗ್ಗದ ಜಾಲರಿ ಕಂಪನಿಯ ಜಾಲರಿಗೆ ಸರಿಸಮವೆಂದು ತೋರಿಸಿತು. ಭಾರತ ಸರ್ಕಾರ 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟುಗಳಿಗೂ ಆಗಸ್ಟಿನಲ್ಲಿ ಮಂಡಿ ಕೀಲುಗಳಿಗೂ ಗರಿಷ್ಠ ಬೆಲೆ ಗೊತ್ತುಮಾಡಿತು. ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಉಚಿತ, ಹಾಸಿಗೆ ಉಚಿತದಂತೆಯೇ. ರೋಗಿಯ ಕೈ ಕಟ್ಟುವುದು ಹೊರಗಿನಿಂದ ತರಬೇಕಾದ ಜಾಲರಿ, ರಾಡು, ಸ್ಕ್ರೂ. ಈ ಸಾಮಾನಿನ ಬೆಲೆ ಇಳಿಸುವುದು ಬಡವನಿಗೆ ನೇರವಾಗಿ ಮುಟ್ಟುವ ಕ್ರಮ.

ಹಣದ ಅಡ್ಡಿಯೇ ಇಲ್ಲದಿದ್ದರೆ ಮುಂಬೈಯವರಿಗೆ ಎಷ್ಟು ಆಪರೇಷನ್ ಬೇಕಾಗುತ್ತದೆ? ಇದಕ್ಕೂ ಉತ್ತರವಿದೆ. ಧಾರಾವಿಯಿಂದ ದೂರವಿಲ್ಲದ ಅಣುಶಕ್ತಿ ನಗರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೌಕರರಿಗೂ ಕುಟುಂಬಗಳಿಗೂ ಸಂಪೂರ್ಣ ಆರೋಗ್ಯ ರಕ್ಷಣೆ ಇದೆ. ಆ ಯೋಜನೆಯ ಸುಮಾರು 88,000 ಜನರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಲಕ್ಷ ಜನರಿಗೆ 3,646 ಆಪರೇಷನ್ನುಗಳ ಅಗತ್ಯವಿದೆ ಎಂದು ಅದು ಅಂದಾಜು ಮಾಡಿತು. ಕಣ್ಣಿನ ಪೊರೆ, ಸಿಸೇರಿಯನ್, ಮೂಳೆ ಮುರಿತ, ಹರ್ನಿಯಾ ಮುಂದಿನ ಸಾಲಿನಲ್ಲಿದ್ದವು. ಧಾರಾವಿಯ ಜನಸಂಖ್ಯೆಯನ್ನು 6 ಲಕ್ಷವೆಂದೇ ಹಿಡಿದು ಅದೇ ಪ್ರಮಾಣದಲ್ಲಿ ಗುಣಿಸಿದರೆ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಮೀರಿದ ಆಪರೇಷನ್ನುಗಳ ಅಗತ್ಯ ಬರುತ್ತದೆ. ಇದು ಒರಟು ಗುಣಾಕಾರ. ಆದರೂ ಹಿಂಜರಿತದಲ್ಲಿ ಬಾಕಿ ಬೀಳುವ ರಾಶಿ ಎಷ್ಟು ದೊಡ್ಡದಿರಬಹುದೆಂಬ ಅಂದಾಜು ಇದರಿಂದ ಸಿಗುತ್ತದೆ.

2020 ಎಲ್ಲವನ್ನೂ ಒಟ್ಟಿಗೆ ತಂದಿತು. ಮಾರ್ಚ್ 25ರಿಂದ ದೇಶ ಮುಚ್ಚಿತು. ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೋವಿಡ್ ಪ್ರಕರಣ ದೃಢಪಟ್ಟಿತು. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿ.ಡಿ.ಪಿ. ಹಿಂದಿನ ವರ್ಷಕ್ಕಿಂತ ಸುಮಾರು ಶೇ. 24 ಕುಸಿಯಿತು, 1979-80ರ ಬಳಿಕ ವಾರ್ಷಿಕ ಜಿ.ಡಿ.ಪಿ. ಕುಗ್ಗಿದ್ದು 2020-21ರಲ್ಲೇ. ತುರ್ತಲ್ಲದ ಆಪರೇಷನ್ನುಗಳನ್ನು ಮುಂದೂಡಿ ಎಂದು ಕೇಂದ್ರ ಆರೋಗ್ಯ ಇಲಾಖೆ ಮಾರ್ಚ್‌ನಲ್ಲೇ ಸೂಚಿಸಿತ್ತು. ಹನ್ನೆರಡು ವಾರಗಳ ಉತ್ತುಂಗದಲ್ಲಿ ಜಗತ್ತಿನಾದ್ಯಂತ 2.84 ಕೋಟಿ ನಿಗದಿತ ಆಪರೇಷನ್ನುಗಳು ರದ್ದಾಗಬಹುದು ಇಲ್ಲವೇ ಮುಂದೆ ಹೋಗಬಹುದೆಂದು ಕೋವಿಡ್‌ಸರ್ಜ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಕೂಟ ಲೆಕ್ಕ ಹಾಕಿತು. ಭಾರತದ ಪಾಲು 5.8 ಲಕ್ಷ. ದೇಶದ 41 ಕ್ಯಾನ್ಸರ್ ಕೇಂದ್ರಗಳ ಅಧ್ಯಯನದಲ್ಲಿ 2020ರ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಶಸ್ತ್ರಚಿಕಿತ್ಸೆಗಳು ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 49, ಹೊಸ ರೋಗಿಗಳ ನೋಂದಣಿ ಶೇ. 54 ಇಳಿದಿದ್ದವು. ಅದೇ ದಿನಗಳಲ್ಲಿ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ಹಾಕಲಿಲ್ಲ. ಮಾರ್ಚ್ 23ರಿಂದ ಏಪ್ರಿಲ್ 30ರೊಳಗೆ ಅಲ್ಲಿ 494 ನಿಗದಿತ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳು ನಡೆದವು, ಆಪರೇಷನ್ ಬಳಿಕ ಒಬ್ಬ ರೋಗಿಯೂ ಸಾಯಲಿಲ್ಲ. ಇಚ್ಛಾಶಕ್ತಿ ಇದ್ದರೆ ಏನು ಸಾಧ್ಯ ಎಂಬುದಕ್ಕೆ ಮುಂಬೈ ಹೆಮ್ಮೆಯಿಂದ ತೋರಿಸಬಹುದಾದ ದಾಖಲೆ ಅದು.

ಆ ವರ್ಷದ ಇಳಿಕೆಯಲ್ಲಿ ಎಷ್ಟು ಪಾಲು ದುಡ್ಡಿಲ್ಲದ್ದರಿಂದ, ಎಷ್ಟು ಸೋಂಕಿನ ಭಯದಿಂದ, ಎಷ್ಟು ಥಿಯೇಟರ್ ಮುಚ್ಚಿದ್ದರಿಂದ ಎಂದು ಬಿಡಿಸಿ ಹೇಳುವುದು ಕಷ್ಟ. ಹೀಗಾಗಿ 2020ರ ಅಂಕಿಗಳನ್ನು ಹಿಂಜರಿತದ ಶುದ್ಧ ಉದಾಹರಣೆಯೆಂದು ಉಲ್ಲೇಖಿಸುವುದು ಸರಿಯಲ್ಲ.

ಕೆಲವು ಆಪರೇಷನ್ನುಗಳು ಮಾತ್ರ ನಿಜವಾಗಿಯೇ ಕಡಿಮೆಯಾಗುತ್ತವೆ. ಯಂತ್ರ ನಿಂತರೆ ಯಂತ್ರಕ್ಕೆ ಸಿಕ್ಕುವ ಬೆರಳೂ ಉಳಿಯುತ್ತದೆ. ಹಿಂಜರಿತದಲ್ಲಿ ರಸ್ತೆ ಅಪಘಾತದ ಸಾವುಗಳು ಇಳಿಯುವುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ರೂಮ್ 2000ದಲ್ಲಿ ತೋರಿಸಿದ್ದರು. ಮುಂಬೈಯ ಉಪನಗರ ರೈಲು ಹಳಿಗಳ ಮೇಲೆ 2019ರಲ್ಲಿ 2,600ಕ್ಕೂ ಹೆಚ್ಚು ಜನ ಸತ್ತಿದ್ದರೆ, ಸಾಮಾನ್ಯರಿಗೆ ಲೋಕಲ್ ನಿಂತುಹೋಗಿದ್ದ 2020ರಲ್ಲಿ ಆ ಸಂಖ್ಯೆ ಸುಮಾರು 1,100ಕ್ಕೆ ಇಳಿಯಿತು. ಹೆದ್ದಾರಿ ಮತ್ತು ರೈಲು ಎರಡರ ಪಕ್ಕದಲ್ಲೂ ಇರುವ ಸಾಯನ್ ಆಸ್ಪತ್ರೆಗೆ ಇಂಥ ಗಾಯಾಳುಗಳು ಬರುವುದು ನಿತ್ಯದ ಮಾತು.

ಬಡತನವೇ ಆಪರೇಷನ್ನಿಗೆ ತಳ್ಳಿದ ಉದಾಹರಣೆಯೂ ಮಹಾರಾಷ್ಟ್ರದಲ್ಲೇ ಇದೆ, ಅದನ್ನು ಬಿಟ್ಟು ಈ ವಿಷಯ ಪೂರ್ಣವಾಗುವುದಿಲ್ಲ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಸಮೀಕ್ಷೆ ಮಾಡಿದ 82,309 ಮಂದಿಯಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆಂದು 2019ರಲ್ಲಿ ರಾಜ್ಯ ಸರ್ಕಾರದ ಸಮಿತಿ ಕಂಡುಕೊಂಡಿತು. ಮುಟ್ಟಿನ ನೋವಿಗೆ ಒಂದು ದಿನ ಕೆಲಸ ತಪ್ಪಿದರೂ ಮುಕಾದಮ, ಅಂದರೆ ಕೂಲಿಯಾಳುಗಳ ಗುತ್ತಿಗೆದಾರ, ದಂಡ ಹಿಡಿಯುತ್ತಾನೆ, ಮುಂಗಡ ಸಾಲ ತೀರಬೇಕು. ಇಲ್ಲಿ ಬೇಡಿಕೆ ಹುಟ್ಟಿದ್ದು ದೇಹದ ಕಾಯಿಲೆಗಿಂತ ಹೆಚ್ಚಾಗಿ ಕೂಲಿಯ ಭಯದಿಂದ. ಇಂಥ ಏರಿಕೆಯನ್ನು ಆರೋಗ್ಯ ಸೇವೆಯ ವಿಸ್ತರಣೆ ಎಂದು ಬಣ್ಣಿಸುವುದು ಅನ್ಯಾಯ.

ಮುಂಬೈಯ ಕನ್ನಡ ಕುಟುಂಬಗಳಿಗೆ ಇನ್ನೊಂದು ದಾರಿ ಇದೆ. ಅದು ಊರು. ಶಹರದಲ್ಲಿ ಖರ್ಚು ನಿಭಾಯಿಸಲಾಗದಾಗ ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ, ಕರಾವಳಿಯ ಹೋಟೆಲ್ ಕಾರ್ಮಿಕರು ಮತ್ಸ್ಯಗಂಧಾ ಹಿಡಿದು ಉಡುಪಿ, ಮಂಗಳೂರಿನ ಕಡೆಗೆ ಹೋಗುತ್ತಾರೆ. ಮಂಗಳೂರಿನ ವೆನ್ಲಾಕ್, ಹುಬ್ಬಳ್ಳಿಯ ಕಿಮ್ಸ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಹೀಗೆ ಪರಿಚಿತ ಹೆಸರುಗಳು ಅಲ್ಲಿವೆ. ಊರಲ್ಲಿ ಆರೈಕೆಗೆ ಅಕ್ಕತಂಗಿಯರಿದ್ದಾರೆ, ಬಾಡಿಗೆಯ ಚಿಂತೆಯಿಲ್ಲ. ಕರ್ನಾಟಕದ ಯೋಜನೆಗಳೂ ಇದಕ್ಕೆ ಇಂಬಾದವು. 2003ರಲ್ಲಿ ಸಹಕಾರಿ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ ತಿಂಗಳಿಗೆ ಐದು ರೂಪಾಯಿಯ ವಂತಿಗೆಗೆ ನೂರಾರು ಬಗೆಯ ಶಸ್ತ್ರಚಿಕಿತ್ಸೆ ಒದಗಿಸಿತು. 2010ರಲ್ಲಿ ಕಲಬುರಗಿ ವಿಭಾಗದಿಂದಲೇ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಿ.ಪಿ.ಎಲ್. ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗಳನ್ನು ಉಚಿತ ಮಾಡಿತು. ಕಾರ್ಡು ಊರಿನದಾಗಿದ್ದು ದುಡಿಮೆ ಧಾರಾವಿಯಲ್ಲಿದ್ದರೆ, ತುರ್ತಿನ ಹೊತ್ತಲ್ಲಿ ಮಾತ್ರ ಈ ದಾರಿ ಕೈಕೊಡುತ್ತದೆ.

ಮಹಾರಾಷ್ಟ್ರದಲ್ಲಿ ಇಂಥದೇ ಯೋಜನೆ 2012ರ ಜುಲೈ 2ರಂದು ಬಂತು. ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಮುಂಬೈ, ಸೋಲಾಪುರ ಸೇರಿ ಎಂಟು ಜಿಲ್ಲೆಗಳಲ್ಲಿ ಆರಂಭವಾಗಿ, ಹಳದಿ ಮತ್ತು ಕಿತ್ತಳೆ ಪಡಿತರ ಚೀಟಿಯ ಕುಟುಂಬಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಟ್ಟಿತು. 2017ರಲ್ಲಿ ಅದಕ್ಕೆ ಮಹಾತ್ಮ ಜೋತಿಬಾ ಫುಲೆ ಹೆಸರು ಬಂತು. ಈಚೆಗೆ ರಕ್ಷಣೆ ಐದು ಲಕ್ಷಕ್ಕೇರಿ, ಪಡಿತರ ಚೀಟಿಯ ಬಣ್ಣ ನೋಡದೆ ರಾಜ್ಯದ ಎಲ್ಲ ಕುಟುಂಬಗಳಿಗೂ ವಿಸ್ತರಿಸಿತು. ಇದಲ್ಲದೆ ಬಾಂಬೆ ಹೈಕೋರ್ಟ್ 2006ರಲ್ಲಿ ಅಂಗೀಕರಿಸಿದ ಯೋಜನೆಯಂತೆ ಧರ್ಮಾರ್ಥ ಟ್ರಸ್ಟುಗಳ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಲೇಬೇಕು. ಧಾರಾವಿಯ ಎಷ್ಟೋ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ.

ಹಣದ ಯೋಜನೆ ಖರ್ಚಿನ ಒಂದು ಪಾಲನ್ನಷ್ಟೇ ನೀಗುತ್ತದೆ. ಆಪರೇಷನ್ ಉಚಿತವಾದರೂ ಗುಣವಾಗುವವರೆಗಿನ ಕೂಲಿ, ಜೊತೆಗಿರುವವರ ಕೂಲಿ, ಮನೆಯ ಬಾಡಿಗೆ ಈ ಯೋಜನೆಗಳಲ್ಲಿ ಇಲ್ಲ. ವಿಶ್ರಾಂತಿಯ ದಿನಗಳಿಗೆ ಒಂದಿಷ್ಟು ಭತ್ಯೆ ಕೊಡುವ ವ್ಯವಸ್ಥೆ ಅಸಂಘಟಿತ ಕಾರ್ಮಿಕರಿಗೆ ಬರದ ಹೊರತು ಮುಂದೂಡಿಕೆ ನಿಲ್ಲುವುದಿಲ್ಲ. ಆ ಬೇಡಿಕೆಯನ್ನು ಕಾರ್ಮಿಕ ಸಂಘಗಳೂ ಮುಂಬೈಯ ಕನ್ನಡ ಸಂಘಗಳೂ ಸೇರಿ ಎತ್ತಬೇಕು. ಅಲ್ಲಿಯವರೆಗೆ, ಬೆಲ್ಟು ಕಟ್ಟಿಕೊಂಡು ದಿನ ದೂಡುತ್ತಿರುವವರು ಒಂದು ಮಾತು ತಿಳಿದಿರಬೇಕು: ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಹೆಸರಿರುವ ಕುಟುಂಬಕ್ಕೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯುವ ಅವಕಾಶವಿದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ದಾರಿ ತೋರಿಸುವವರಿಗೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ ಹೆಸರು, ಆರೋಗ್ಯಮಿತ್ರ. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಅವರನ್ನು ಕೇಳಿ.